ಅಕ್ಕ ಮೆಟ್ಟಿಲು ಹತ್ತಿದಳಂತೆ

ಅಕ್ಕ ತೀರಿಕೊಂಡ ಮೇಲೆ ಚಿಗವ್ವ ನನಗೆ ಮೊದಲ ಸಲ ಫೋನ್ ಮಾಡಿದ್ದು ಬೈಯುವುದಕ್ಕೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಹರಿಹರದಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಅವಳ ಮನೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಅವಳು. ನಮ್ಮ ಕಡೆಯವರು ಅಂತ ಹೇಳಿಕೊಳ್ಳಲು ಈಗ ಉಳಿದಿರುವವಳು ಅವಳೊಬ್ಬಳೇ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಅವತ್ತು ಮಧ್ಯಾಹ್ನ ಹೊಸ ಪುಸ್ತಕಗಳಿಗೆ ಮುದ್ರೆ ಒತ್ತುತ್ತ ಕೂತಿದ್ದೆ. ಫೋನಿನಲ್ಲಿ ಅವಳ ಹೆಸರು ಮೂಡಿದಾಗ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಮಾತಾಡುವವರಿಲ್ಲದೆ ಎರಡು ಮಳೆಗಾಲ ಕಳೆದವಳಿಗೆ ಬೈಗುಳವೂ ಮೊದಲು ಬರೀ ಮನುಷ್ಯರ ದನಿಯಾಗಿ ಕೇಳುತ್ತದೆ.

"ಏನವ್ವ, ನಿಮ್ಮಕ್ಕ ಮೆಟ್ಲು ಹತ್ತತಿದ್ಲಂತಲ್ಲ," ಎಂದಳು. ಹೆಂಗಿದ್ದೀಯ ಎಂಬ ಒಂದು ಮಾತೂ ಇಲ್ಲ.

"ಯಾವ ಮೆಟ್ಲು ಚಿಗವ್ವ?"

"ನನ್ನೇ ಕೇಳ್ತೀಯಾ? ನಮ್ಮನಿ ಎದುರಿಗೇ ಹಾಕ್ಯಾರೆ, ಬಂದು ನೋಡು. ಎಣ್ಣಿ ಬಾಟ್ಲಿ ಪಕ್ಕದಾಗೆ ನಕ್ಕೊಂತ ನಿಂತಾಳೆ. ಹದಿನೈದು ದಿನದಾಗೆ ಮಂಡಿನೋವು ಹೋತು, ಈಗ ಮೆಟ್ಲು ಹತ್ತತೀನಿ ಅಂತ ಬರ್ಸ್ಯಾರೆ. ಊರಾಗಿನ ಮೆಟ್ಲೆಲ್ಲ ಹತ್ತಾಕೆ ಬರ್ತಿತ್ತು, ನಮ್ಮನಿ ಮೆಟ್ಲು ಒಂದೇ ಬ್ಯಾಡಾಗಿತ್ತು ಆಕಿಗೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಳು.

ಆ ಮೆಟ್ಟಿಲಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಅಕ್ಕ ನನಗಿಂತ ಸಾಕಷ್ಟು ದೊಡ್ಡವಳು. ನಾವಿಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ, "ಹೆಣ್ಣು ನೋಡಾಕೆ ಬಂದೋರಿಗೆ ಚಾ ನಾನೇ ಮಾಡಿಕೊಟ್ಟೆ, ಕುಡಿದೋರು ತಿರುಗಿ ಬರ್ಲಿಲ್ಲ" ಎನ್ನುತ್ತಿದ್ದಳು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಕಾಲಲ್ಲಿ ತುಳಿಯುವ ಮಷಿನ್. ಬೆಳಗ್ಗೆ ಕೂತರೆ ಸಂಜೆಯವರೆಗೆ ತುಳಿತ. ಹಾಗೆ ತುಳಿದೂ ತುಳಿದೂ ಮಂಡಿ ಸವೆಯಿತೋ, ಅಥವಾ ಅದು ಅವಳ ಹಣೆಬರಹದಲ್ಲೇ ಇತ್ತೋ, ಐವತ್ತು ದಾಟುವಷ್ಟರಲ್ಲಿ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯಲ್ಲಿ ಅವಳು ಗೋಡೆ ಹಿಡಿಯದೆ ನಡೆಯುವುದು ನಿಂತುಹೋಯಿತು. ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಸೊಂಟದಿಂದ ಸ್ವಲ್ಪ ಮೇಲೆ, ಅವಳ ಅಂಗೈ ಊರಿ ಊರಿ ಸುಣ್ಣ ಎಣ್ಣೆಗಪ್ಪಾಗಿದೆ. ನಾನು ಅಲ್ಲಿ ಬಣ್ಣ ಹೊಡೆಸಿಲ್ಲ.

ನೋವು ಇರುವುದು ಒಂದು ಕಷ್ಟ. ಅದು ಇದೆ ಎಂದು ಜನರನ್ನು ಒಪ್ಪಿಸುವುದು ಇನ್ನೊಂದು. ಒಬ್ಬ ಡಾಕ್ಟರು ತೂಕ ಇಳಿಸಿ ಎಂದರು, ಇನ್ನೊಬ್ಬರು ವಯಸ್ಸು ಎಂದರು, ಮೂರನೆಯವರು ಮದುವೆಯಾಗದ ಹೆಂಗಸರಿಗೆ ಮನಸ್ಸಿನಿಂದಲೂ ಹೀಗಾಗುತ್ತದೆ ಎಂದರು. ಮೂರನೆಯವರ ಮೇಜಿನ ಮೇಲಿದ್ದ ಪೇಪರ್‌ವೇಟ್ ನನ್ನ ಕೈಗೆ ಎಟುಕುವ ಹಾಗಿತ್ತು. ಅಕ್ಕ ನನ್ನ ಮೊಣಕೈ ಹಿಡಿದು ಎಬ್ಬಿಸಿಕೊಂಡು ಬಂದಳು. ನೆಂಟರಂತೂ ನೆಪ ಎಂದೇ ಹೇಳುತ್ತಿದ್ದರು. ಮದುವೆಗೆ ಬರಲಿಲ್ಲವೋ, ನೆಪ. ತೊಟ್ಟಿಲಿಗೆ ಬರಲಿಲ್ಲವೋ, ನೆಪ. ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಹಾಗಾಗಿ ನೆಂಟರು ಒಬ್ಬೊಬ್ಬರಾಗಿ ದೂರವಾದರು.

ಚಿಗವ್ವನ ಗಂಡ, ನಮ್ಮ ಚಿಕ್ಕಪ್ಪ, ತೀರಿಕೊಂಡಾಗ ಪುಣ್ಯಸ್ಮರಣೆಯ ಶಿವಗಣಾರಾಧನೆಗೆ ಅಕ್ಕ ಹಟ ಹಿಡಿದು ಹೊರಟಳು. ದಾವಣಗೆರೆಯಿಂದ ಆಟೋ ಮಾಡಿಕೊಂಡು ಹೋದೆವು. ಮಡಿಲಲ್ಲಿ ಸೇವಂತಿಗೆ ಹೂವಿನ ಪೊಟ್ಟಣ ಇಟ್ಟುಕೊಂಡಿದ್ದಳು. ಚಿಗವ್ವನ ಮನೆಯ ಮೆಟ್ಟಿಲು ಕಡಿದು, ಕಿರಿದು, ಹಿಡಿದುಕೊಳ್ಳಲು ಕಂಬಿಯಿಲ್ಲ. ಕೆಲವು ಮೆಟ್ಟಿಲು ಹತ್ತಿ ಅಕ್ಕ ಅಲ್ಲೇ ಕೂತುಬಿಟ್ಟಳು. ಹಿಂದೆ ಅಡುಗೆಯವರು ಹುಗ್ಗಿಯ ಕೊಳಗ ಹೊತ್ತು ದಾರಿ ಬಿಡಿ ಎಂದು ನಿಂತಿದ್ದರು. ಅಕ್ಕ ಕೂತಲ್ಲಿಂದಲೇ ಒಂದೊಂದೇ ಮೆಟ್ಟಿಲು ಜಾರಿಕೊಂಡು ಕೆಳಗಿಳಿದು ಆಟೋದಲ್ಲಿ ಕೂತಳು. ಹೂವನ್ನು ನಾನು ಒಯ್ಯುತ್ತೇನೆ ಎಂದರೆ ಕೊಡಲಿಲ್ಲ. "ತಡೀ, ಸ್ವಲ್ಪ ನೋವು ಇಳೀಲಿ, ನಾನೇ ಬರ್ತೀನಿ" ಎಂದಳು. ಇಳಿಯಲಿಲ್ಲ. ಎಲ್ಲ ಮುಗಿಯುವವರೆಗೆ ಆಟೋದಲ್ಲೇ ಇದ್ದಳು. ಊಟದ ತಟ್ಟೆಯನ್ನು ನಾನು ಕೆಳಗೆ ತಂದು ಕೊಟ್ಟೆ.

"ನನ್ನ ಗಂಡನ ಫೋಟೋಕ್ಕೆ ಒಂದು ಹೂ ಹಾಕ್ಲಿಲ್ಲ. ರಾಣಿ ಹಂಗೆ ಗಾಡ್ಯಾಗೆ ಕುಂತು ಉಂಡು ಹೋದ್ಲು," ಎಂದು ಚಿಗವ್ವ ಬಂದವರಿಗೆಲ್ಲ ಹೇಳಿದಳು. ನಾನು ವಿವರಿಸಲು ಹೋದಾಗ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಮಾತು ನಿಂತಿತು. ಅಕ್ಕನ ಮಣ್ಣಿಗೆ ಬಂದಳು, ಬಂದು ನಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯದೆ ಹೋದಳು.

ಫೋನ್ ಬಂದ ಆ ಸಂಜೆಯೇ ಬಸ್ ಹತ್ತಿದೆ. ಹರಿಹರದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯುವುದರೊಳಗೆ ಕಂಡಳು. ಎರಡಂತಸ್ತಿನ ಕಟ್ಟಡದ ಗೋಡೆಯ ತುಂಬ ಅಕ್ಕ. ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಬಾಯಿ ತುಂಬ ನಗು. ಗಲ್ಲದ ಮೇಲಿದ್ದ ನರುಳ್ಳೆ ಮಾಯವಾಗಿತ್ತು, ಮುಖ ಬೆಳ್ಳಗಾಗಿತ್ತು. ಪಕ್ಕದಲ್ಲಿ ಅವಳಿಗಿಂತ ಎತ್ತರದ ಎಣ್ಣೆ ಬಾಟಲಿ. "ಹದಿನೈದೇ ದಿನ! ಮಂಡಿನೋವು ಮಾಯ! ಈಗ ನಾನು ಮೆಟ್ಟಿಲು ಹತ್ತುತ್ತೇನೆ!" ಎಡ ಅಂಚಿನಲ್ಲಿ ನೀಲಿ ಬಟ್ಟೆಯ ಒಂದು ಚೂರು ಕಾಣುತ್ತಿತ್ತು. ಅದು ನನ್ನ ಭುಜ.

ಆ ಫೋಟೋ ನನಗೆ ಗೊತ್ತು. ಬೆಣ್ಣೆದೋಸೆ ಹೋಟೆಲಿನಲ್ಲಿ ತೆಗೆದದ್ದು. ದೋಸೆಯ ಮೇಲೆ ಬೆಣ್ಣೆ ಕಡಿಮೆ ಹಾಕಿದ್ದಾರೆಂದು ನಾನು ಸಪ್ಲೈಯರ್ ಜತೆ ಜಗಳಕ್ಕೆ ಬಿದ್ದಿದ್ದೆ. ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟು ಸಾಕು ಬಿಡೇ ಎಂದು ಬಿದ್ದು ಬಿದ್ದು ನಗುತ್ತಿದ್ದಳು. ಪಕ್ಕದ ಟೇಬಲ್ಲಿನವರು ಅದನ್ನು ನನ್ನ ಫೋನಿನಲ್ಲೇ ತೆಗೆದುಕೊಟ್ಟಿದ್ದರು. ಅಕ್ಕನ ಶಿವಗಣಾರಾಧನೆಯ ದಿನ ಮನೆ ಮುಂದೆ ಕಟ್ಟಲು ಫ್ಲೆಕ್ಸ್ ಮಾಡಿಸುವಾಗ ಆ ಫೋಟೋವನ್ನು ನಾನೇ ಅಂಗಡಿಗೆ ಕೊಟ್ಟಿದ್ದೆ. ನಮ್ಮ ಊರಿನಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಸಾವಿಗೂ ಫ್ಲೆಕ್ಸ್, ಯಾರಾದರೂ ಸಂಘದ ಉಪಾಧ್ಯಕ್ಷರಾದರೂ ಫ್ಲೆಕ್ಸ್. ಅವತ್ತು ಅಕ್ಕನ ಹಿಂದೆ ಕೈಲಾಸದ ಹಿಮ, ಮುಂದೆ ದೀಪ ಇದ್ದವು. ಈಗ ಹಿಮದ ಜಾಗದಲ್ಲಿ ಮೆಟ್ಟಿಲು, ದೀಪದ ಜಾಗದಲ್ಲಿ ಬಾಟಲಿ.

ಚಿಗವ್ವನ ಮನೆಯ ಕಿಟಕಿ ಮುಚ್ಚಿತ್ತು. ನಾನೂ ಮೇಲೆ ಹೋಗಲಿಲ್ಲ. ನಿಂತಲ್ಲೇ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಬಂತೆಂದು ಹೇಳಲಾರೆ. ಬದುಕಿರುವಷ್ಟು ಕಾಲ ನೋವು ನಿಜ ಎಂದು ಹೇಳಿ ಹೇಳಿ ಸೋತವಳ ಬಾಯಿಂದಲೇ, ಸತ್ತ ಮೇಲೆ, ನೋವು ಹೋಯಿತು ಎಂದು ಹೇಳಿಸಿದ್ದರು.

ಮರುದಿನ ದಾವಣಗೆರೆಯ ಆ ಫ್ಲೆಕ್ಸ್ ಅಂಗಡಿಗೆ ನುಗ್ಗಿದೆ. ಅಂಗಡಿಯವನು ಕೆಟ್ಟ ಮನುಷ್ಯನಲ್ಲ. ನನ್ನನ್ನು ನೋಡಿ ಎದ್ದು ನಿಂತ, ಕುರ್ಚಿ ಒರೆಸಿದ.

"ಕೂಡ್ರಿ ಮೇಡಂ. ಬೇಜಾರು ಮಾಡ್ಕಬ್ಯಾಡ್ರಿ. ಕಂಪ್ನಿಯೋರು ವಯಸ್ಸಾದ ಹೆಣ್ಮಗಳು, ನಗ್ತಿರೋ ಫೋಟೋ ಬೇಕು ಅಂದ್ರು. ಸಿಸ್ಟಮ್ ಎಲ್ಲಾ ಹುಡುಕಿದ್ವಿ. ತೀರ್ಕಂಡೋರ ಫೋಟೋ ಅಂದ್ರೆ ಎಲ್ಲಾರೂ ಆಧಾರ್ ಕಾರ್ಡಿಂದೇ ಕೊಡ್ತಾರೆ. ನಗ್ತಿರೋದು ನಿಮ್ಮಕ್ಕಾರದು ಒಂದೇ ಇತ್ತು."

"ಸತ್ತೋರ ಫೋಟೋ ಅದು."

"ಸತ್ತೋರು ಅಂತ ನೋಡಿದ್ರೆ ಗೊತ್ತಾಗಲ್ಲ ಮೇಡಂ, ಅಷ್ಟು ಚೆನ್ನಾಗಿ ನಕ್ಕಾರೆ."

ಅವನ ಮೇಲೆ ಕೂಗಾಡಿದೆ. ಕಂಪನಿಯವರು ಹೇಳಿದರೆ ಮಾತ್ರ ಇಳಿಸಬಹುದು ಎಂದ. ಗ್ರಂಥಾಲಯಕ್ಕೆ ಬಂದು ಕಂಪನಿಗೆ ಫೋನ್ ಮಾಡಿದರೆ ಒಬ್ಬಾತ, ಅದು ಬರೀ ಸಾಂಕೇತಿಕ ಚಿತ್ರ, ಯಾರನ್ನೂ ಉದ್ದೇಶಿಸಿಲ್ಲ ಎಂದು ಹೇಳಿ ಎರಡು ಬಾಟಲಿ ಉಚಿತವಾಗಿ ಕಳಿಸಲೇ ಎಂದು ಕೇಳಿದ. ಅವನಿಗೆ ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ, ಗ್ರಂಥಾಲಯದಲ್ಲಿ ಓದುತ್ತಿದ್ದ ಹುಡುಗಿಯರೆಲ್ಲ ತಲೆಯೆತ್ತಿ ನೋಡಿದರು.

ಹೀಗೆ ಜಿಲ್ಲಾಡಳಿತದ ಕಚೇರಿಗೆ ಹೋದೆ. ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ಅಲ್ಲಿ ಕೊಡಬಹುದು, ಅವರು ವಿಚಾರಿಸಿ ದೆಹಲಿಯಲ್ಲಿರುವ ಗ್ರಾಹಕರ ಪ್ರಾಧಿಕಾರಕ್ಕೆ ವರದಿ ಕಳಿಸುತ್ತಾರೆ ಎಂದು ಗ್ರಂಥಾಲಯದಲ್ಲೇ ಓದಿ ತಿಳಿದುಕೊಂಡಿದ್ದೆ. ಅಕ್ಕನ ಎಕ್ಸ್‌ರೇಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಅವುಗಳಲ್ಲಿ ಒಂದನ್ನು ನಾವು ಗ್ರಹಣದ ದಿನ ಉಪಯೋಗಿಸಿದ್ದೆವು. ಅಕ್ಕ ಹಾಸಿಗೆಯ ಕೆಳಗಿಂದ ತೆಗೆದು, "ನನ್ನ ಮಂಡಿ ಇದಕ್ಕಾದ್ರೂ ಬಂತಲ್ಲ" ಎಂದು ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡಿದ್ದಳು. ಹಾಗೆ ನೋಡಬಾರದೆಂದು ಪತ್ರಿಕೆಯಲ್ಲಿ ಬಂದಿದೆ ಎಂದು ನಾನು ಕಿತ್ತುಕೊಂಡಿದ್ದೆ.

ಆ ವಿಭಾಗದ ಅಧಿಕಾರಿ ಹೆಣ್ಣುಮಗಳು, ನನಗಿಂತ ಚಿಕ್ಕವರು. ನಾನು ಮೊದಲೇ ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಎಕ್ಸ್‌ರೇಗಳನ್ನು ಮೇಜಿನ ಮೇಲೆ ಹರಡಿ, ಯಾವ ವರ್ಷ ಯಾವ ಡಾಕ್ಟರು ಏನಂದರು ಎಂದು ಒಂದೇ ಉಸಿರಿಗೆ ಶುರುಮಾಡಿದೆ. ಅವರು ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಮೇಡಂ, ಇವೆಲ್ಲ ಇರ್ಲಿ, ಫೈಲಿಗೆ ಸೇರಿಸ್ತೀನಿ. ಆದ್ರೆ ನೋವಿತ್ತು ಅಂತ ನೀವು ಪ್ರೂವ್ ಮಾಡೋ ಅವಶ್ಯಕತೆ ಇಲ್ರಿ," ಎಂದರು.

"ಅಂದ್ರೆ?"

"ನೋವು ಹೋತು ಅಂತ ಕ್ಲೇಮ್ ಮಾಡಿರೋರು ಅವರು. ಪ್ರೂವ್ ಮಾಡ್ಬೇಕಾದ್ದೂ ಅವರೇ. ಏನ್ ಆಧಾರ ಐತೆ, ಯಾರ ಮೇಲೆ ಪರೀಕ್ಷೆ ಮಾಡಿದ್ರಿ ಅಂತ ನಾವು ಅವರನ್ನ ಕೇಳ್ತೀವಿ. ಆಧಾರ ಇಲ್ಲ ಅಂದ್ರೆ ಜಾಹೀರಾತು ಇಳಿಸ್ಬೇಕು."

ಹರಡಿದ್ದ ಎಕ್ಸ್‌ರೇಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ. ಡಾಕ್ಟರರ ಮುಂದೆ, ನೆಂಟರ ಮುಂದೆ, ಬಸ್ ಕಂಡಕ್ಟರನ ಮುಂದೆ ಅಕ್ಕ ತನ್ನ ಮಂಡಿಯನ್ನು ಸಾಬೀತು ಮಾಡುತ್ತಲೇ ಇದ್ದಳು. ನೀನು ಸಾಬೀತು ಮಾಡಬೇಕಿಲ್ಲ ಎಂದು ಯಾರಾದರೂ ಹೇಳಿದ್ದು ಇದೇ ಮೊದಲು, ಅದೂ ಅವಳಿಗೆ ಕೇಳಿಸದಂತಾದ ಮೇಲೆ. ಅಧಿಕಾರಿ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಆಮೇಲೆ ತಿಂಗಳುಗಳು ಹಿಡಿದವು. ಸರ್ಕಾರದ ಕೆಲಸ ನಿಧಾನ ಎಂದು ಜನ ಬೈಯುತ್ತಾರೆ. ನಾನು ಬೈಯಲಿಲ್ಲ, ಯಾಕೆಂದರೆ ಆ ತಿಂಗಳುಗಳಲ್ಲಿ ನನಗೆ ಫೋನ್ ಮಾಡುತ್ತಿದ್ದವರು ಅವರೇ. ನಿಮ್ಮ ದೂರು ಸ್ವೀಕೃತವಾಗಿದೆ ಎಂದು ಮೆಸೇಜ್ ಬಂದರೆ ಊಟ ಮಾಡುತ್ತ ಮತ್ತೊಮ್ಮೆ ಓದುತ್ತಿದ್ದೆ. ಕಚೇರಿಯ ಗುಮಾಸ್ತರು ಫೋಟೋದ ಮೂಲ ಪ್ರತಿ ಕಳಿಸಿ ಎಂದು ಕೇಳಿದರೆ, ಕಳಿಸಿ, ತಲುಪಿತೇ ಎಂದು ಕೇಳುವ ನೆಪದಲ್ಲಿ ಇನ್ನೊಂದು ಸಲ ಮಾತಾಡುತ್ತಿದ್ದೆ. ರಜೆಯ ದಿನಗಳಲ್ಲಿ ಬಸ್ ಹತ್ತಿ ಹರಿಹರಕ್ಕೆ ಹೋಗಿ ಆ ಗೋಡೆಯನ್ನು ನೋಡಿ ಬರುತ್ತಿದ್ದೆ. ಅದನ್ನು ಇಳಿಸಬೇಕೆಂದು ಹೋರಾಡುತ್ತಿದ್ದವಳು ನಾನೇ, ಅದು ಇನ್ನೂ ಇದೆಯೇ ಎಂದು ಹೋಗಿ ನೋಡುತ್ತಿದ್ದವಳೂ ನಾನೇ. ಅಷ್ಟು ದೊಡ್ಡದಾಗಿ ನಗುವ ಮುಖ ನನಗೆ ಬೇರೆಲ್ಲೂ ಇರಲಿಲ್ಲ. ಚಿಗವ್ವನ ಕಿಟಕಿ ಒಮ್ಮೆ ತೆರೆದಿರುತ್ತಿತ್ತು, ಒಮ್ಮೆ ಮುಚ್ಚಿರುತ್ತಿತ್ತು. ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ.

ಮೊದಲ ನೋಟಿಸ್ ಹೋದ ಮೇಲೆ ಕಂಪನಿಯವರು ಒಂದು ಜಾಣತನ ಮಾಡಿದರು. ಫ್ಲೆಕ್ಸಿನ ತಳದಲ್ಲಿ ಒಂದು ಪಟ್ಟಿ ಅಂಟಿಸಿದರು. ಅದನ್ನು ಓದಲು ರಸ್ತೆ ದಾಟಿ ಗೋಡೆಯ ಬುಡಕ್ಕೆ ಹೋಗಿ ಕತ್ತೆತ್ತಿ ನಿಲ್ಲಬೇಕಾಯಿತು. "ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು." ನಾನು ಅದರ ಫೋಟೋ ತೆಗೆದು ಅಧಿಕಾರಿಗೆ ಕಳಿಸಿದೆ.

"ಇದು ನಡೆಯಲ್ಲ ಬಿಡ್ರಿ," ಎಂದರು ಅವರು ಫೋನಿನಲ್ಲಿ. "ದೊಡ್ಡ ಅಕ್ಷರದಾಗೆ ಒಂದು ಹೇಳಿ, ಸಣ್ಣ ಅಕ್ಷರದಾಗೆ ಅಲ್ಲ ಅನ್ನೋ ಹಂಗಿಲ್ಲ. ಹೇಳಿದ್ದನ್ನ ಸ್ವಲ್ಪ ಬಿಡಿಸಿ ಹೇಳಬಹುದು, ತಿರುಗಿಸಾಕೆ ಬರಲ್ಲ."

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಕಾಲೇಜಿಗೆ ರಜೆ ಹಾಕಿ, ಫೋನನ್ನು ಲೋಟಕ್ಕೆ ಆನಿಸಿ ನಿಲ್ಲಿಸಿ, ಒಳ್ಳೆಯ ಸೀರೆ ಉಟ್ಟು ಕೂತೆ. ನಾನು ಹಾಗೆ ಸೀರೆ ಉಟ್ಟು ಕೂತದ್ದನ್ನು ಅಕ್ಕ ನೋಡಿದ್ದರೆ, "ಹೆಣ್ಣು ನೋಡಾಕೆ ದೆಹಲಿಯಿಂದ ಬರ್ತಾರೇನೆ?" ಎನ್ನುತ್ತಿದ್ದಳು. ಪರದೆಯ ಮೇಲೆ ದೆಹಲಿಯ ಅಧಿಕಾರಿಗಳು, ನಮ್ಮ ಜಿಲ್ಲೆಯ ಅಧಿಕಾರಿ, ಕಂಪನಿಯ ಪರವಾಗಿ ಒಬ್ಬರು. ಹದಿನೈದು ದಿನ ಎಂದು ಯಾವ ಪರೀಕ್ಷೆಯಿಂದ ಹೇಳಿದಿರಿ ಎಂದು ದೆಹಲಿಯವರು ಕೇಳಿದರು. ಬಳಸಿದವರೆಲ್ಲ ಹೊಗಳುತ್ತಾರೆ ಎಂದರು ಕಂಪನಿಯವರು. ಹೊಗಳಿಕೆಯನ್ನು ಕೇಳುತ್ತಿಲ್ಲ, ಪರೀಕ್ಷೆಯನ್ನು ಕೇಳುತ್ತಿದ್ದೇವೆ ಎಂದರು ದೆಹಲಿಯವರು. ನಗು ಕಾಣಬಾರದೆಂದು ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಕೊನೆಗೆ ಕಂಪನಿಯವರು ಕನ್ನಡಕ್ಕೆ ತಿರುಗಿದರು. "ಅವರಕ್ಕನ ನೋವು ಹೋಗಿರಲಿಲ್ಲ ಅಂತ ಈಯಮ್ಮ ಹೆಂಗೆ ಹೇಳ್ತಾರೆ? ಒಬ್ಬರ ನೋವು ಇನ್ನೊಬ್ಬರಿಗೆ ಗೊತ್ತಾಗುತ್ತಾ?"

"ಬೆಳಗ್ಗೆ ಎದ್ದ ಕೂಡ್ಲೇ ಆಕಿನ ಬಚ್ಚಲಿಗೆ ಕರ್ಕಂಡು ಹೋಗ್ತಿದ್ದೋಳು ನಾನು," ಎಂದೆ. "ಆಕಿ ಭಾರ ಎಲ್ಲ ನನ್ನ ಹೆಗಲ ಮ್ಯಾಲೆ ಇರ್ತಿತ್ತು. ನನಗೆ ಗೊತ್ತಾಗದೆ ನಿಮಗೆ ಗೊತ್ತಾಗ್ತೈತೇನ್ರಿ?"

ನಮ್ಮ ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ದೆಹಲಿಯವರು ಬರೆದುಕೊಂಡರು.

ಆದೇಶ ಬಂತು. ಆಧಾರವಿಲ್ಲದ ಹೇಳಿಕೆ, ಜಾಹೀರಾತನ್ನು ಎಲ್ಲ ಕಡೆ ನಿಲ್ಲಿಸಬೇಕು, ದಂಡ ಕಟ್ಟಬೇಕು. ಜತೆಗೆ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ತಪ್ಪನ್ನು ತಿದ್ದಿ ಇನ್ನೊಂದು ಜಾಹೀರಾತು ಹಾಕಬೇಕು. ಅಕ್ಕನ ಮುಖವನ್ನು ಮತ್ತೆಲ್ಲೂ ಬಳಸಬಾರದು ಎಂದೂ ನಾನು ಕೇಳಿದ್ದೆ, ಅದನ್ನೂ ಬರೆದಿದ್ದರು. ಮೊಬೈಲಿಗೆ ಮೆಸೇಜ್ ಬಂತು, ನಿಮ್ಮ ಪ್ರಕರಣ ಮುಕ್ತಾಯಗೊಂಡಿದೆ. ಗೆದ್ದಿದ್ದೆ. ಅವತ್ತು ಸಂಜೆ ಗ್ರಂಥಾಲಯದ ದೀಪ ಆರಿಸಿ ಮನೆಗೆ ಬಂದು ಚಹಾ ಮಾಡಿಕೊಂಡು, ಯಾರಿಗೆ ಹೇಳಲಿ ಎಂದು ಯೋಚಿಸುತ್ತ ಕೂತೆ. ಚಹಾ ಆರಿತು.

ಆ ಭಾನುವಾರ ಖಾಲಿ ಗೋಡೆಯನ್ನು ನೋಡೋಣವೆಂದು ಹರಿಹರಕ್ಕೆ ಹೋದೆ. ಬಸ್ಸಿನಿಂದ ಇಳಿದು ನೋಡಿದರೆ ಅಕ್ಕ ಅಲ್ಲೇ ನಗುತ್ತಿದ್ದಳು.

ಹಿಂದಿನ ಮೆಟ್ಟಿಲು ಇಲ್ಲ, ಬಾಟಲಿ ಇಲ್ಲ. ಬಿಳಿಯ ಹಿನ್ನೆಲೆ, ಒಂದು ಪಕ್ಕದಲ್ಲಿ ಅಕ್ಕ, ಇನ್ನೊಂದು ಪಕ್ಕದಲ್ಲಿ ಕಪ್ಪು ಅಕ್ಷರ. "ನಮ್ಮ ಜಾಹೀರಾತಿನಲ್ಲಿ ತೋರಿಸಿದ್ದ ಈ ಮಹಿಳೆ ನಮ್ಮ ಎಣ್ಣೆಯನ್ನು ಬಳಸಿರಲಿಲ್ಲ. ಇವರ ಮಂಡಿನೋವು ವಾಸಿಯಾಗಿರಲಿಲ್ಲ. ಇವರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನಮ್ಮ ಹೇಳಿಕೆಗೆ ಆಧಾರವಿರಲಿಲ್ಲ. ಕ್ಷಮೆಯಿರಲಿ." ಅಕ್ಷರಕ್ಕೆ ಜಾಗ ಮಾಡುವುದಕ್ಕೆ ಫೋಟೋವನ್ನು ಕತ್ತರಿಸಿದ್ದರು. ನನ್ನ ಭುಜದ ಚೂರು ಹೋಗಿತ್ತು.

ಫ್ಲೆಕ್ಸ್ ಅಂಗಡಿಯವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮುಖ ಹಾಕಬಾರದೆಂದು ಆದೇಶದಲ್ಲಿ ಬರೆದಿದೆ, ಗೊತ್ತಿಲ್ಲವೇ ಎಂದು ಕೇಳಿದೆ.

"ಕಂಪ್ನಿಯೋರು ಮ್ಯಾಟರ್ ಅಷ್ಟೇ ಕಳ್ಸಿದ್ರು ಮೇಡಂ. ಅದೇ ಜಾಗ, ಅದೇ ಸೈಜು ಅಂದ್ರು. ಈ ಮಹಿಳೆ ಅಂತ ಐತಲ್ರಿ ಅದರಾಗೆ. ಮುಖ ಇಲ್ದೆ ಫ್ಲೆಕ್ಸ್ ಹೆಂಗ್ರಿ ಮಾಡೋದು? ಇಷ್ಟು ವರ್ಷದಾಗೆ ಮುಖ ಇಲ್ದಿರೋ ಫ್ಲೆಕ್ಸ್ ಒಂದೂ ಮಾಡಿಲ್ಲ ನಾವು."

ಫೋನ್ ಇಟ್ಟೆ. ಅಧಿಕಾರಿಯ ನಂಬರ್ ಹುಡುಕುತ್ತಿದ್ದೆ. ಒಂದು ಫೋನ್ ಮಾಡಿದರೆ ಮಾರನೆಯ ದಿನವೇ ಇಳಿಸುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ದನಿ ಬಂತು.

"ಅಲ್ಲೇ ಯಾಕ ನಿಂತಿ? ಮ್ಯಾಲೆ ಬಾ."

ಚಿಗವ್ವ ಕಿಟಕಿಯಲ್ಲಿದ್ದಳು. ಆ ಮೆಟ್ಟಿಲು ಹತ್ತಿದೆ. ಮೇಲೆ ಕಿಟಕಿಯ ಪಕ್ಕ ಒಂದು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಅವಳ ಕನ್ನಡಕ, ಕನ್ನಡಕದ ಪಕ್ಕ ಆ ಎಣ್ಣೆಯ ಬಾಟಲಿ. ಮುಕ್ಕಾಲು ಖಾಲಿಯಾಗಿತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

"ನಾನೂ ತರಿಸಿ ಹಚ್ಕಂಡೆ," ಎಂದಳು. "ಎರಡು ಬಾಟ್ಲಿ ಆತು. ಏನೂ ಆಗ್ಲಿಲ್ಲ. ಆಕಿಗೆ ಹತ್ತಿದ್ದು ನನಗ್ಯಾಕೆ ಹತ್ತಲಿಲ್ಲ ಅಂತ ಆಕಿ ಮ್ಯಾಲೇ ಸಿಟ್ಟು ಮಾಡ್ಕಂಡು ಕುಂತಿದ್ದೆ."

ಮಂಡಕ್ಕಿ ಒಗ್ಗರಣೆ ಹಾಕಿ ತಂದಿಟ್ಟಳು. ತಟ್ಟೆ ತರುವಾಗ ಬಾಗಿಲ ಚೌಕಟ್ಟನ್ನು ಹಿಡಿದು ಒಂದು ಗಳಿಗೆ ನಿಂತಳು. ಆ ನಿಲ್ಲುವಿಕೆ ನನಗೆ ಚೆನ್ನಾಗಿ ಗೊತ್ತು.

"ಇದನ್ನ ಸರಕಾರದೋರು ಬರ್ಸ್ಯಾರಂತೆ?" ಎಂದು ಕಿಟಕಿಯ ಕಡೆ ಕೈ ಮಾಡಿದಳು.

"ಹೂಂ."

"ಹಂಗಾರೆ ಖರೇನೇ ಇರ್ಬೇಕು."

ನನಗೆ ತಡೆಯಲಾಗಲಿಲ್ಲ. "ಆಕಿ ಬಾಯಿಂದ ಹೇಳಿದಾಗ ನಂಬಲಿಲ್ಲ. ನಾನು ಹೇಳಿದಾಗ ನಂಬಲಿಲ್ಲ. ಗೋಡಿ ಮ್ಯಾಲೆ ಬರೆದ್ರೆ ನಂಬ್ತೀಯಲ್ಲ ಚಿಗವ್ವ."

ಅವಳು ತಿರುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡು ಎದುರಿನ ಗೋಡೆಯನ್ನು ನೋಡುತ್ತ ಕೂತಳು. ನೋಡುತ್ತಲೇ ಕೇಳಿದಳು.

"ಭಾಳ ನೋಯ್ತಿತ್ತೇನು ಆಕಿಗೆ?"

ಅಕ್ಕ ಬದುಕಿದ್ದಾಗ ನಮ್ಮ ನೆಂಟರಲ್ಲಿ ಒಬ್ಬರೂ ಈ ಮಾತನ್ನು ಕೇಳಿರಲಿಲ್ಲ. ನಾನು ಹೇಳಿದೆ. ಗೋಡೆ ಹಿಡಿದು ನಡೆಯುತ್ತಿದ್ದದ್ದು, ಮಳೆಗಾಲದ ಬೆಳಗುಗಳು, ಹೊಲಿಗೆ ಮಷಿನ್ ಮಾರಿದ ದಿನ ಅದನ್ನು ಒಯ್ಯುವ ಗಾಡಿಯವನಿಗೆ ಚಹಾ ಮಾಡಿಕೊಡುತ್ತೇನೆಂದು ಎದ್ದು ಅರ್ಧದಲ್ಲಿ ಕೂತದ್ದು. ಚಿಗವ್ವನ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಾಗಿದ್ದವಳು ಈ ಕೋಣೆಯಲ್ಲಿರಲಿಲ್ಲ, ರಸ್ತೆಯ ಆಚೆ ಗೋಡೆಯ ಮೇಲೆ ಯಾವುದೋ ದೋಸೆಯ ಜಗಳಕ್ಕೆ ನಗುತ್ತಿದ್ದಳು.

"ಅದನ್ನ ಇಳಿಸ್ತಾರೇನು?" ಎಂದಳು ಚಿಗವ್ವ.

"ನಾನು ಹೇಳಿದ್ರೆ ನಾಳೆನೇ ಇಳಿಸ್ತಾರೆ. ಮುಖ ಹಾಕಬಾರ್ದಿತ್ತು."

"ಹೇಳಬ್ಯಾಡ. ಇರೋಷ್ಟು ದಿನ ಇರ್ಲಿ. ಕಿಟಕಿ ತೆಗೆದ್ರೆ ಕಾಣ್ತಾಳೆ."

ನಾನು ಫೋನನ್ನು ಚೀಲದೊಳಗೆ ಹಾಕಿದೆ.

ಹೊರಡುವಾಗ ಬೇಡವೆಂದರೂ ಅವಳು ಕೆಳಗಿಳಿದು ಬಂದಳು. ಒಂದು ಕಾಲು ಇಟ್ಟು, ಅದರ ಪಕ್ಕಕ್ಕೆ ಇನ್ನೊಂದು ಕಾಲು ತಂದು, ಗೋಡೆಗೆ ಅಂಗೈ ಊರಿ. ನಾನು ಮುಂದೆ ಇಳಿಯುತ್ತ ಹೆಗಲು ಕೊಟ್ಟೆ. ಅಭ್ಯಾಸವಿದ್ದ ಹೆಗಲು. ಭಾನುವಾರವಾದ್ದರಿಂದ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಹಾಕಿತ್ತು.

"ಅವತ್ತು ಆಟೋ ಎಲ್ಲಿ ನಿಂತಿತ್ತು?" ಎಂದು ಕೇಳಿದಳು.

ಅಂಗಡಿಯ ಮುಂದೆ, ಚರಂಡಿಯ ಕಲ್ಲಿನ ಪಕ್ಕ ತೋರಿಸಿದೆ. ಅವಳು ಅಲ್ಲಿಗೆ ಹೋಗಿ ನಿಂತು ಕತ್ತೆತ್ತಿ ತನ್ನ ಮನೆಯನ್ನು ನೋಡಿದಳು.

"ಇಲ್ಲಿಂದ ನಮ್ಮನಿ ಬಾಗ್ಲು ಕಾಣಲ್ಲ."

"ಇಲ್ಲ. ದನಿ ಅಷ್ಟೇ ಕೇಳ್ತಿತ್ತಂತೆ. ಮ್ಯಾಲೆ ವಚನ ಹಾಡುವಾಗ ಆಕಿನೂ ಇಲ್ಲೇ ಕುಂತು ಹೇಳ್ಕಂಡ್ಲಂತೆ. ಚಿಕ್ಕಪ್ಪಂಗೆ ಹಾಕಾಕೆ ತಂದಿದ್ದ ಹೂ ಮಡ್ಲಾಗೇ ಇತ್ತು."

ಚಿಗವ್ವ ನನ್ನ ಕಡೆ ತಿರುಗಿದಳು. "ಹೂ ತಂದಿದ್ಲಾ?"

"ತಂದಿದ್ಲು. ಸೇವಂತಿಗೆ. ನಾನೇ ಹಾಕ್ತೀನಿ ಅಂತ ನನ್ನ ಕೈಗೂ ಕೊಡ್ಲಿಲ್ಲ. ನೋವು ಇಳೀತೈತೇನೋ ಅಂತ ಕಾಯ್ತಿದ್ಲು."

ದಾವಣಗೆರೆಯ ಬಸ್ ಬಂತು. ಕೈ ಮಾಡಿ ನಿಲ್ಲಿಸಿದೆ, ಬೇಗ ಹತ್ರಿ ಎಂದು ಕಂಡಕ್ಟರ್ ಬೈದ, ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ ತಿರುಗುವಾಗ ನೋಡಿದರೆ ಅವಳು ಇನ್ನೂ ಮೇಲೆ ಹತ್ತಿರಲಿಲ್ಲ. ಆಟೋ ನಿಂತಿದ್ದ ಜಾಗದಲ್ಲೇ, ಅಂಗಡಿಯ ಮುಚ್ಚಿದ ಬಾಗಿಲಿಗೆ ಒರಗಿ, ಚರಂಡಿಯ ಕಲ್ಲಿನ ಮೇಲೆ ಕೂತಿದ್ದಳು.